ತಂಪಿನಲ್ಲಿಟ್ಟ ಮದ್ದು

ಹೊಂಗನೂರಿನ ಬೋರಮ್ಮನ ಹಿಪ್ಪುನೇರಳೆ ಹೊಲಕ್ಕೆ ಮೂರು ಕಡೆಯೂ ಮಾವಿನ ಮರಗಳು. ನೆಲ ಅವಳದು, ಮರ ಅವಳವಲ್ಲ. ಗಂಡ ಹೊಂಬಯ್ಯನೂ ಅವನ ಅಣ್ಣ ಮುನಿರಾಮಯ್ಯನೂ ಬೇರೆಯಾದಾಗ ನಡುವಿನ ಹೊಲ ತಮ್ಮನಿಗೆ, ಬದುಗಳ ಮೇಲಿನ ಮರಗಳೂ ಮೂಲೆಯ ಬೋರ್‌ವೆಲ್ಲೂ ಅಣ್ಣನಿಗೆ ಎಂದು ತೀರ್ಮಾನವಾಗಿತ್ತು. ಅಣ್ಣತಮ್ಮಂದಿರು ಒಂದೇ ಬೀಡಿ ಹಂಚಿಕೊಂಡು ಸೇದುತ್ತಿದ್ದ ಕಾಲ ಅದು. ನೀರನ್ನು ಮುಂದೊಂದು ದಿನ ಕೇಳಿ ಪಡೆಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಂಬಯ್ಯ ಎದೆನೋವಿನಿಂದ ತೀರಿಹೋದ ಮೇಲೆ ಬೋರಮ್ಮನಿಗೆ ಅದು ಗೊತ್ತಾಯಿತು. ಹೊಲಕ್ಕೆ ಹೋಗುವ ದಾರಿ ಭಾವನ ಮರದಡಿ. ಹೊಲಕ್ಕೆ ಬರುವ ನೀರು ಭಾವನ ಮೋಟಾರಿನದು. ಸೊಪ್ಪಿನ ಮೇಲೆ ಬೀಸುವ ಗಾಳಿ ಕೂಡ ಭಾವನ ಮರಗಳನ್ನು ಹಾದೇ ಬರಬೇಕು.

ಕೋಡಿಹಳ್ಳಿ ಕಡೆಯ ದನಕರುಗಳ ಮನೆಯಲ್ಲಿ ಹುಟ್ಟಿದವಳು ಬೋರಮ್ಮ. ಮದುವೆಯಾಗಿ ಬಂದಾಗ ರೇಷ್ಮೆಹುಳುವಿನ ವಾಸನೆಗೆ ಅನ್ನ ಬಿಟ್ಟಿದ್ದಳು. ಅತ್ತೆ ಬಯ್ಯಲಿಲ್ಲ. ಹುಳುಗಳ ತಟ್ಟೆಯೊಂದನ್ನು ಅವಳ ಮಂಚದ ಪಕ್ಕದಲ್ಲೇ ಇಟ್ಟು ಹೋದರು. ರಾತ್ರಿಯಿಡೀ ಹುಳುಗಳು ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳಿಸಿತು. ಬೆಳಗಾಗುವಷ್ಟರಲ್ಲಿ ಸೊಪ್ಪೆಲ್ಲ ಮುಗಿದು ಬರೀ ಕಡ್ಡಿ ಉಳಿದಿತ್ತು. ಪಾಪ, ಹಸಿದಿರಬೇಕು ಎಂದುಕೊಂಡು ತಾನೇ ಎದ್ದು ಸೊಪ್ಪು ಹಾಕಿದಳು. ಅಲ್ಲಿಂದ ಮುಂದೆ ಹೊಲದಂಚಿನ ಹುಳದ ಮನೆ ಅವಳದಾಯಿತು. ಕೈಕಾಲು ತೊಳೆಯದೆ ಹೊಸಲು ದಾಟಬಾರದು, ಹೊಲದ ಸೀರೆಯಲ್ಲಿ ಒಳಗೆ ಬರಬಾರದು, ಹುಳುಗಳ ಮುಂದೆ ರೋಗದ ಹೆಸರು ಎತ್ತಬಾರದು ಎಂಬ ಅತ್ತೆಯ ಮೂರು ಮಾತನ್ನು ಒಂದು ದಿನವೂ ಮೀರಿದವಳಲ್ಲ. ಮಗಳು ನಯನಾಳ ಬಾಣಂತನಕ್ಕೆ ಕನಕಪುರಕ್ಕೆ ಹೋದಾಗಲೂ ಹುಳು ಇಲ್ಲದ ತಿಂಗಳು ನೋಡಿಕೊಂಡೇ ಹೋಗಿದ್ದಳು.

ಅವಳಿಗೂ ಭಾವನಿಗೂ ನಡುವೆ ಬಂದದ್ದು ಒಂದು ನೊಣ. ಮಾವಿನಕಾಯಿ ಬಲಿಯುವ ಹೊತ್ತಿಗೆ ಎಲ್ಲಿಂದಲೋ ಬಂದು ಸಿಪ್ಪೆಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿ ಮೊಟ್ಟೆಯಿಡುವ ಹಣ್ಣುನೊಣ. ಮೇಲೆ ನೋಡಿದರೆ ಬಾದಾಮಿ ಹಣ್ಣು ಲಕಲಕ ಅನ್ನುತ್ತಿರುತ್ತದೆ. ಕೊಯ್ದರೆ ಒಳಗೆಲ್ಲ ಬಿಳಿ ಮರಿಹುಳ. ಮರಗಳ ಫಸಲನ್ನು ವರ್ಷವರ್ಷವೂ ಗುತ್ತಿಗೆಗೆ ಹಿಡಿಯುತ್ತಿದ್ದ ರಾಮನಗರದ ಫಕ್ರುದ್ದೀನ್ ಸಾಬರು ಚಾಕು ತೆಗೆದು ಹಣ್ಣು ಸೀಳಿ, ಮಾತಾಡದೆ ಮುನಿರಾಮಯ್ಯನ ಕೈಗೆ ಇಡುತ್ತಿದ್ದರು. ಮರುದಿನ ಮುನಿರಾಮಯ್ಯ ವಿಷ ಹೊಡೆಸುತ್ತಿದ್ದ. ಹೊಡೆದದ್ದು ಮರಕ್ಕೇ ಆದರೂ ಹನಿ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ಆ ಸೊಪ್ಪು ತಿಂದ ಹುಳು ತಲೆ ಎತ್ತಿ ಆಡಿಸಿ, ಹಸಿರು ನೀರು ಕಾರಿ ಸಾಯುತ್ತಿತ್ತು. ಬೋರಮ್ಮ ಹಳೆಯ ಸೀರೆಗಳನ್ನು ಸಾಲಿನ ಮೇಲೆ ಹೊದಿಸಿದಳು, ದೂರದ ಸಾಲಿನ ಸೊಪ್ಪನ್ನೇ ಕೊಯ್ದಳು, ತೊಳೆದು ಹಾಕಿದಳು. ಕಳೆದ ವರ್ಷ ಇಷ್ಟೆಲ್ಲ ಮಾಡಿದರೂ ಬೆಳೆಯ ಮುಕ್ಕಾಲು ಪಾಲು ಗುಂಡಿಗೆ ಹೋಯಿತು. ಅವತ್ತು ಬದುವಿನ ಮೇಲೆ ನಿಂತು ಇಬ್ಬರೂ ಆಡಬಾರದ್ದನ್ನೆಲ್ಲ ಆಡಿಕೊಂಡಿದ್ದರು.

ಈ ವರ್ಷ ಆ ಜಗಳ ತೀರಿಸಲೆಂದೇ ಸುಚಿತ್ರಾ ಮದ್ದು ತಂದಳು. ಮುನಿರಾಮಯ್ಯನ ಮಗ ಮನುವಿನ ಹೆಂಡತಿ ಅವಳು. ಮಾಗಡಿಯ ಗುಡೇಮಾರನಹಳ್ಳಿಯವಳು, ಓದಿದವಳು, ನಿಧಾನದವಳು. ತವರಿನಲ್ಲಿ ಅಪ್ಪನ ಮಾವಿನ ತೋಪಿಗೆ ಎರಡು ವರ್ಷದಿಂದ ಅದನ್ನೇ ಹೊಡೆಯುತ್ತಿದ್ದರು, ಹಣ್ಣು ಚೊಕ್ಕವಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಪೊಟ್ಟಣಗಳ ಚೀಲ ಹಿಡಿದು ಸೀದಾ ಹುಳದ ಮನೆಯ ಜಗಲಿಗೇ ಬಂದಳು.

"ಇದು ವಿಷ ಅಲ್ಲ ಚಿಕ್ಕತ್ತೆ. ಒಂದು ಥರ ಬೂಷ್ಟು. ಹಳೇ ರೊಟ್ಟಿ ಮೇಲೆ ಬತ್ತದಲ್ಲ, ಆ ವಂಶದ್ದು. ನೊಣದ ಮೈಗೆ ಅಂಟ್ಕಂಡು ಒಳೀಕೆ ಬೇರು ಬುಡ್ತದೆ, ನೊಣ ಸಾಯ್ತದೆ. ನೆಲಕ್ಕೂ ಹೊಡೆದ್ರೆ, ಉದುರಿದ ಹಣ್ಣಿಂದ ಮಣ್ಣಿಗಿಳಿಯೋ ಮರಿಗಳೂ ಸಾಯ್ತವೆ. ನಾವು ತಿನ್ನೋ ಹಣ್ಣಿಗೆ ಏನೂ ದೋಷ ಇಲ್ಲ."

"ಬೂಷ್ಟನ್ನ ದುಡ್ ಕೊಟ್ಟು ತಂದ್ಯಾ? ನಮ್ಮನೆ ಉಪ್ಪಿನಕಾಯಿ ಜಾಡೀಲಿ ಬೇಕಾದಷ್ಟು ಇತ್ತಲ್ಲವ್ವ," ಎಂದಳು ಬೋರಮ್ಮ.

ಸುಚಿತ್ರಾ ನಕ್ಕಳು. "ಇದು ಜೀವ ಇರೋದು. ಬಿಸ್ಲಿಗಿಟ್ರೆ ಸತ್ತೋಯ್ತದೆ. ತಂಪಾಗಿರೋ ಜಾಗದಲ್ಲಿ ಮಡಗ್ಬೇಕು ಅಂದವ್ರೆ. ನಮ್ಮನೆ ಮೇಲೆ ಶೀಟು, ಕಾದು ಕೆಂಡ ಆಗ್ತದೆ."

ಜೀವ ಇರುವ ಮದ್ದು ಎಂದದ್ದು ಬೋರಮ್ಮನಿಗೆ ಹಿಡಿಸಿತು. ಇಷ್ಟು ವರ್ಷ ಕೊಲ್ಲುವ ಡಬ್ಬಿಗಳನ್ನೇ ನೋಡಿದ್ದಳು. "ನನ್ನ ಹುಳದ ಮನೆಗಿಂತ ತಂಪು ಈ ಊರಲ್ಲಿ ಎಲ್ಲೈತೆ? ಒದ್ದೆ ಗೋಣಿ ಕಟ್ಟಿವ್ನಿ, ಕಿಟಕಿಗೆ ಬಲೆ ಐತೆ. ಕೊಡಿಲ್ಲಿ," ಎಂದು ಚೀಲವನ್ನು ತಾನೇ ಒಳಗೆ ಒಯ್ದು, ಹುಳದ ಸ್ಟ್ಯಾಂಡಿನ ಕೆಳಗೆ, ನೀರಿನ ಮಡಕೆಯ ಪಕ್ಕ ಇಟ್ಟಳು.

ಸಂಜೆ ಮುನಿರಾಮಯ್ಯ ಬಂದು ಅಂಗಳದಲ್ಲಿ ನಿಂತ. ಅವನು ಹುಳದ ಮನೆಯ ಜಗಲಿ ಹತ್ತುತ್ತಿರಲಿಲ್ಲ. "ಸೊಸೆ ಮಾತಿಗೆ ಒಪ್ಪಿವ್ನಿ ಬೋರಮ್ಮ. ವಿಷ ಹೊಡ್ಸಲ್ಲ. ಆದ್ರೆ ಒಂದ್ ಮಾತು. ಇದ್ರಲ್ಲೂ ನಿನ್ನ ಹುಳಕ್ಕೆ ಏನಾರ ಆಯ್ತು ಅಂದ್ರೆ, ಆಮೇಲೆ ನನ್ನ ಮರದ ಮೇಲೆ ಹೇಳ್ಬ್ಯಾಡ. ಮಾವಿನ ನಡುವೆ ಹಿಪ್ಪುನೇರಳೆ ಒಗ್ಗಾಕಿಲ್ಲ ಅಂತ ಲೆಕ್ಕ. ಕಿತ್ತಾಕ್ಬುಡು. ನೀರು ನಾನು ಮರಕ್ಕೆ ಬುಟ್ಕತೀನಿ."

"ಆಯ್ತು ಭಾವ," ಎಂದಳು. ವಿಷವೇ ಇಲ್ಲದ ಮೇಲೆ ಆಗುವುದೇನು ಎಂಬ ಧೈರ್ಯ ಅವಳಿಗೆ.

ಮದ್ದು ಕಲೆಸಲು ನೆರಳು ಬೇಕೆಂದಾಗ ಹುಳದ ಮನೆಯ ಜಗಲಿಯನ್ನೇ ಕೊಟ್ಟಳು. ಬಕೆಟ್ಟಿನ ನೀರಿಗೆ ಬಿಳಿ ಪುಡಿ ಸುರಿದು, ಗಂಟಿಲ್ಲದ ಹಾಗೆ ಕೈಯಾಡಿಸಿ, ಹಳೆಯ ಬಟ್ಟೆಯಲ್ಲಿ ಸೋಸಿದವಳೂ ಅವಳೇ. ಮನು ಕ್ಯಾನು ಬೆನ್ನಿಗೇರಿಸಿಕೊಂಡು ಕಾಂಡಕ್ಕೆ, ಕೆಳಗಿನ ಕೊಂಬೆಗೆ, ಮರದ ಬುಡದ ನೆಲಕ್ಕೆ ಹೊಡೆದ. ವಿಷ ಹೊಡೆದ ದಿನಗಳಲ್ಲಿ ಬೋರಮ್ಮ ಆ ದಾರಿಯಲ್ಲಿ ನಡೆದರೂ ಸಾಕು, ತಲೆಗೆ ನೀರು ಹಾಕಿಕೊಂಡು ಸೀರೆ ಬದಲಾಯಿಸದೆ ಒಳಗೆ ಕಾಲಿಡುತ್ತಿರಲಿಲ್ಲ. ಅವತ್ತು ಕೈ ತೊಳೆದಳು, ಕಾಲು ತೊಳೆದಳು, ಸೆರಗಿಗೆ ಹತ್ತಿದ್ದ ಬಿಳುಪನ್ನು ಕೊಡವಿಕೊಂಡು ಹೋಗಿ ಸೊಪ್ಪು ಹಾಕಿದಳು. ಹುಳುಗಳು ಮೂರನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ತಲೆಯೆತ್ತಿ ಮಲಗುವುದನ್ನು ಆ ಕಡೆ ಜ್ವರ ಅನ್ನುತ್ತಾರೆ. ಇನ್ನೊಂದು ಜ್ವರ ಕಳೆದರೆ ದೊಡ್ಡ ಮೇವು, ಅದಾದ ಮೇಲೆ ಗೂಡು.

ವಾರ ಕಳೆಯುವುದರೊಳಗೆ ಎರಡು ಮಳೆ ಬಂದವು. ಮಳೆ ನಿಂತ ಒಂದು ಬೆಳಿಗ್ಗೆ ಮನು ಮಾವಿನ ಎಲೆಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದ. ಮುಖ ಅರಳಿತ್ತು.

"ನೋಡ್ ಬಾ ಚಿಕ್ಕವ್ವ. ನಿನ್ನ ಕೈ ಕಲೆಸಿದ ಮದ್ದು."

ಎಲೆಯ ಮೇಲೆ ಹಣ್ಣುನೊಣವೊಂದು ರೆಕ್ಕೆ ಬಿಚ್ಚಿಕೊಂಡು ಸತ್ತಿತ್ತು. ಕುತ್ತಿಗೆಯ ಸಂದಿನಿಂದ, ಹೊಟ್ಟೆಯ ಪಟ್ಟಿಗಳ ನಡುವಿನಿಂದ ಹತ್ತಿಯಂಥ ಬಿಳಿ ಎಳೆ ಹೊರಟು ಮೈಯೆಲ್ಲ ಹಿಟ್ಟಿನಲ್ಲಿ ಅದ್ದಿದ ಹಾಗಿತ್ತು. ಬೋರಮ್ಮ ಎಲೆಯನ್ನು ಬೆಳಕಿಗೆ ಹಿಡಿದಳು. ಉಗುರಿನ ತುದಿಯಿಂದ ಒತ್ತಿದಳು. ನೊಣ ಗಟ್ಟಿಯಾಗಿತ್ತು. ಉಗುರಿಗೆ ಬಿಳಿ ಪುಡಿ ಹತ್ತಿತು.

"ಎಂಗೈತೆ?" ಎಂದ ಮನು.

ಬೋರಮ್ಮ ಎಲೆಯನ್ನು ಅವನ ಕೈಗೇ ಕೊಟ್ಟಳು. ಆ ಬಿಳುಪು ಅವಳಿಗೆ ಹೊಸದಲ್ಲ. ಮಳೆಗಾಲದ ಬೆಳೆಯಲ್ಲಿ ಹುಳು ಮೊದಲು ಮೇವು ಬಿಡುತ್ತದೆ, ಮೆತ್ತಗಾಗುತ್ತದೆ, ಸಾಯುತ್ತದೆ. ಸತ್ತ ಮೇಲೆ ಕಡ್ಡಿಯ ಹಾಗೆ ಸೆಟೆಯುತ್ತದೆ. ಆಮೇಲೆ ಮೈಮೇಲೆ ಇದೇ ಬಿಳಿ ಎದ್ದು, ಮುರಿದರೆ ಸೀಮೆಸುಣ್ಣದ ಹಾಗೆ ಲಟಕ್ಕೆನ್ನುತ್ತದೆ. ಸುಣ್ಣಕಟ್ಟು ರೋಗ. ಅತ್ತೆ ಬದುಕಿದ್ದಾಗ ಒಮ್ಮೆ ಇಡೀ ಮನೆ ಹಾಗೆ ಬೆಳ್ಳಗಾಗಿದ್ದನ್ನು ಅವಳು ಕಂಡಿದ್ದಳು. ಅದು ಬೂಷ್ಟು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಶೀತಕ್ಕೆ ಬರುವ ಕಾಯಿಲೆ ಎಂದಷ್ಟೇ ಗೊತ್ತಿತ್ತು. ಗುಡೇಮಾರನಹಳ್ಳಿಯ ಆ ತೋಪಿನ ಸುತ್ತ ಹುಳು ಸಾಕುವವರೇ ಇರಲಿಲ್ಲ, ಹಾಗಾಗಿ ಸುಚಿತ್ರಾಳೂ ಅದನ್ನು ಕೇಳಿದವಳಲ್ಲ.

ಒಳಗೆ ಹೋಗಿ ಸ್ಟ್ಯಾಂಡಿನ ಕೆಳಗೆ ನೋಡಿದಳು. ಚೀಲ ತಣ್ಣಗೆ ಕೂತಿತ್ತು. ಕಲೆಸಿ ಉಳಿದಿದ್ದ ಅರ್ಧ ಪೊಟ್ಟಣದ ಬಾಯಿಗೆ ಅವಳೇ ಬಟ್ಟೆಯ ಚೂರು ಸುತ್ತಿ ಕಟ್ಟಿದ್ದಳು. ಮೇಲಿನ ತಟ್ಟೆಗಳಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಬೆರಳುದ್ದ ಬೆಳೆದು ಮೇಯುತ್ತಿದ್ದವು. ತಟ್ಟೆ ತಟ್ಟೆಯನ್ನೂ ಕೈಯಿಂದ ಸರಿಸಿ ನೋಡಿದಳು. ಮೂಲೆಯ ತಟ್ಟೆಯಲ್ಲಿ ಒಂದು ಹುಳು ಸೊಪ್ಪಿನ ಅಂಚಿನಲ್ಲಿ ಸುಮ್ಮನೆ ಇತ್ತು. ಮುಟ್ಟಿದರೆ ಅಲುಗಲಿಲ್ಲ. ಪಕ್ಕದಲ್ಲಿ ಇನ್ನೊಂದು.

ಅವುಗಳನ್ನು ಸುಣ್ಣದ ನೀರಿನ ಚೊಂಬಿಗೆ ಹಾಕಿ ಹೊಸಲ ಬಳಿ ಕೂತಳು. ಭಾವನಿಗೆ ಹೇಳದೆ ಇರಬಹುದು. ಆದರೆ ಮಳೆಗೆ ಮದ್ದು ತೊಳೆದು ಹೋಗಿದೆ, ನಾಳೆ ಇನ್ನೊಂದು ಸುತ್ತು ಹೊಡೆಯುತ್ತೇನೆ ಎಂದು ಮನು ಹೋಗುವಾಗ ಹೇಳಿದ್ದ. ಹೊಡೆದರೆ ಉಳಿದವೂ ಉಳಿಯುವುದಿಲ್ಲ. ಹೊಡೆಯಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ, ಅವತ್ತು 'ಆಯ್ತು ಭಾವ' ಎಂದು ಒಪ್ಪಿದ ಮಾತು ಇದೆ. ಪೊಟ್ಟಣವನ್ನು ಒಳಗಿಟ್ಟವಳೂ ಅವಳೇ. ಹೊರಗೆ ಹೋದರೆ ಮರದಡಿಯೇ ಹೋಗಬೇಕು, ಆ ನೆಲವೆಲ್ಲ ಅದೇ ಪುಡಿ. ಸೊಪ್ಪು ಕೊಯ್ಯೋಣವೆಂದರೆ ಸೊಪ್ಪಿನ ಮೇಲೂ ಅದೇ.

ಚೀಲವನ್ನೂ ಕಟ್ಟಿದ್ದ ಗೋಣಿಗಳನ್ನೂ ಎಳೆದು ಅಂಗಳಕ್ಕೆ ಹಾಕಿದಳು. ತಲೆಗೆ ನೀರು ಸುರಿದುಕೊಂಡು ಒಗೆದ ಸೀರೆ ಉಟ್ಟಳು. ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ತಟ್ಟೆಗಳಿಗೆ ಸುಣ್ಣದ ಪುಡಿ ಜರಡಿ ಹಿಡಿದಳು. ಬೂಷ್ಟಿಗೆ ಬೇಕಾದದ್ದು ಒದ್ದೆ, ಹಾಗಾಗಿ ನೀರಿನ ಮಡಕೆಯನ್ನೂ ಹಿಂದಿನ ಬಾಗಿಲಿಂದ ಹೊರಗಿಟ್ಟಳು. ಸತ್ತ ಹುಳು ಬೆಳ್ಳಗಾಗುವ ಮೊದಲೇ ಹೆಕ್ಕಿ ತೆಗೆಯಬೇಕು, ಬೆಳ್ಳಗಾಗಿ ಪುಡಿ ಹಾರಿದರೆ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಅಷ್ಟನ್ನು ಬಿಟ್ಟು ಮಾಡಲು ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಹೊತ್ತು ಇಳಿಯುವಾಗ ಸುಚಿತ್ರಾ ಬಂದು ಬಾಗಿಲು ತಟ್ಟಿದಳು. "ಚೀಲ ಯಾಕೆ ಬಿಸ್ಲಲ್ಲಿ ಬಿದ್ದದೆ ಚಿಕ್ಕತ್ತೆ? ಬಾಗ್ಲು ಯಾಕಾಕಂಡ್ರಿ?"

ಬೋರಮ್ಮ ಕಿಟಕಿಯ ಬಲೆಯ ಹಿಂದೆ ಬಂದು ನಿಂತಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನೊಣದ ಮೈ, ಸುಣ್ಣಕಟ್ಟಿದ ಹುಳುವಿನ ಮೈ, ಎರಡರ ಬಿಳುಪೂ ಒಂದೇ. ಸುಚಿತ್ರಾ ತವರಿಗೆ ಫೋನು ಮಾಡಿದಳು, ಇನ್ನೆಲ್ಲಿಗೋ ಮಾಡಿದಳು, ಬಹಳ ಹೊತ್ತು ಹೂಂ ಹೂಂ ಎಂದಳು. ಕೊನೆಗೆ ಜಗಲಿಯ ಕೆಳಗೇ ಕೂತುಬಿಟ್ಟಳು.

"ಅದೇ ಅಂತೆ. ರೇಷ್ಮೆ ಇರೋ ಕಡೆ ಇದನ್ನ ತರಲೇಬಾರದಂತೆ. ಯಾರ್ಗೆ ಸೇಫು ಅಂತ ನಾನು ಕೇಳ್ಲೇ ಇಲ್ಲ ಚಿಕ್ಕತ್ತೆ. ಮನುಷ್ಯರಿಗೆ ಸೇಫು ಅಂದ್ರು, ಬಂದ್ಬುಟ್ಟೆ."

"ನಾನು ಅದನ್ನ ತಂದು ಹುಳದ ಮಗ್ಗುಲಲ್ಲೇ ಮಲಗಿಸಿದ್ನಲ್ಲ. ನಿಂದೇನ್ ಹೇಳನ. ಅಳ್ಬ್ಯಾಡ. ಸ್ನಾನ ಮಾಡ್ಕಂಡು, ಕೆರೆ ಕೆಳಗಿನ ದೊಡ್ಡಲಕ್ಷ್ಮಮ್ಮನ ಹೊಲದಿಂದ ಸೊಪ್ಪು ತಂದ್ಕೊಡು. ಅಲ್ಲಿ ಮಾವಿಲ್ಲ. ಬಾಗ್ಲಿಗೆ ಬರ್ಬ್ಯಾಡ, ಕಿಟಕೀಲಿ ಕೊಡು."

"ಮಾವನಿಗೆ?"

"ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಮುನಿರಾಮಯ್ಯ ಅಂಗಳಕ್ಕೆ ಬಂದಾಗ ಜೊತೆಯಲ್ಲಿ ಫಕ್ರುದ್ದೀನ್ ಸಾಬರೂ ಇದ್ದರು, ಕಾಯಿ ನೋಡಲು ಬಂದವರು. ಮನುವಿನ ಬೆನ್ನ ಮೇಲೆ ಖಾಲಿ ಕ್ಯಾನು ಇತ್ತು. ಬೋರಮ್ಮ ಕಿಟಕಿಯಿಂದಲೇ ಕರೆದಳು.

"ಭಾವ, ಇವತ್ತು ಹೊಡೆಸ್ಬ್ಯಾಡಿ."

"ಯಾಕೆ?"

"ಹುಳಕ್ಕೆ ಬಂದೈತೆ."

ಮುನಿರಾಮಯ್ಯ ಟವೆಲ್ಲು ಕೊಡವಿ ಹೆಗಲು ಬದಲಾಯಿಸಿದ. "ಅಂಗಾರೆ ಮುಗೀತಲ್ಲ. ನೀನೇ ಒಪ್ಕಂಡಿದ್ದ ಮಾತು."

"ನಾ ಇಲ್ಲ ಅಂದ್ನಾ? ಎಲ್ಲಾ ಹೋದ್ರೆ ಕಿತ್ತಾಕಿ, ನಾನೇ ಗುದ್ದಲಿ ಹಿಡೀತೀನಿ. ಅರ್ಧ ಉಳಿದ್ರೆ?"

"ಅರ್ಧ ಎಲ್ಲಿಂದ ಉಳೀತದೆ? ಹೋದ್ವರ್ಷ ಉಳೀತಾ?"

"ಹೋದ್ವರ್ಷ ತಿಂದಿದ್ದು ವಿಷ. ಇದು ಒಂದರಿಂದ ಒಂದಕ್ಕೆ ಹತ್ತೋದು. ಹೆಕ್ಕಿದ್ರೆ ನಿಲ್ತದೆ. ನೀವು ಹೊಡೆಸ್ದೆ ಇದ್ರೆ ನಿಲ್ತದೆ."

"ಹೊಡೆಸ್ದೆ ಇದ್ರೆ ನನ್ನ ಹಣ್ಣಿಗೆ ಹುಳ. ಈ ಸಾಬ್ರು ನನ್ನ ಕೈಗೆ ಕೊಯ್ದು ಕೊಡ್ತಾರೆ."

ಫಕ್ರುದ್ದೀನರು ಗಡ್ಡ ಕೆರೆದುಕೊಂಡರು. ಅವರ ಮನೆಯಲ್ಲಿ ಹೆಂಡತಿ ರೋಶನ್ ಬೀ ರೇಷ್ಮೆ ನೂಲು ಬಿಚ್ಚುವವರು. ಅಲ್ಲಿ ನೂಲು, ಇಲ್ಲಿ ಹಣ್ಣು, ಎರಡರ ನಡುವೆ ಓಡಾಡುವ ಮನುಷ್ಯ. "ನನ್ನನ್ಯಾಕೆ ವಿಲನ್ ಮಾಡ್ತೀರಾ ಗೌಡ್ರೇ. ಮನೇಗೆ ಹೋದ್ರೆ ನಮ್ಮಾಕೆ ಕೇಳ್ತಾಳೆ, ಹೊಂಗನೂರಿನ ಗೂಡು ಯಾಕೆ ಬರ್ಲಿಲ್ಲ ಅಂತ. ನಿಮ್ಮ ಮಾವಿನಹಣ್ಣಿಂದ ನೂಲು ತೆಗೆಯಕ್ಕೆ ಆಗ್ತದಾ?"

ಮನು ನಕ್ಕುಬಿಟ್ಟು, ಅಪ್ಪನ ಮುಖ ನೋಡಿ ಸುಮ್ಮನಾದ.

"ಬೇರೆ ದಾರಿ ಐತೆ," ಎಂದು ಸಾಬರು ಮುಂದುವರಿಸಿದರು. "ಗಂಡು ನೊಣ ವಾಸ್ನೆಗೆ ಬಂದು ಬೀಳೋ ಡಬ್ಬಿ ಮರಕ್ಕೆ ನೇತಾಕ್ಬೇಕು. ಆದ್ರೆ ಡಬ್ಬಿ ಒಂದರಲ್ಲೇ ಆಗಲ್ಲ. ಉದುರಿದ ಹಣ್ಣು ನೆಲದ ಮೇಲೆ ಒಂದು ಹೊತ್ತೂ ಇರ್ಬಾರ್ದು. ಬೆಳಿಗ್ಗೆ ಹೆಕ್ಬೇಕು, ಸಂಜೆ ಹೆಕ್ಬೇಕು, ಆಳವಾಗಿ ಹೂಳ್ಬೇಕು. ಫಸಲು ಮುಗಿಯೋ ತನಕ. ಯಾರು ಮಾಡ್ತಾರೆ? ಕೂಲಿಯವ್ರು ಎರಡು ದಿನ ಬಗ್ಗಿ ಮೂರನೇ ದಿನ ಬರಲ್ಲ."

"ನಾ ಮಾಡ್ತೀನಿ," ಎಂದಳು ಬೋರಮ್ಮ.

"ನೀನಾ? ಒಳಗೆ ಅಗಳಿ ಹಾಕಂಡು ಕೂತವ್ಳು?" ಎಂದ ಮುನಿರಾಮಯ್ಯ.

"ಗೂಡು ಕಟ್ಟೋವರ್ಗೂ ಸುಚಿತ್ರಾ ಮನು ಹೆಕ್ಲಿ. ಆಮೇಲೆ ನಾನು. ಎಲ್ಲಾ ಮರದ್ದು."

"ಈ ಮರದಡಿ ಓಡಾಡಿ ಮತ್ತೆ ಹುಳ ಸಾಕಕ್ಕೆ ಆಗ್ತದಾ ನಿಂಗೆ?"

ಅವಳು ಅದನ್ನು ಆಗಲೇ ಯೋಚಿಸಿದ್ದಳು. ದಿನಕ್ಕೆರಡು ಸಲ ಆ ನೆಲದಲ್ಲಿ ಬಗ್ಗಿ ಎದ್ದವಳು ಹುಳದ ಮನೆಗೆ ಬರುವ ಹಾಗಿಲ್ಲ. ಮೇಲಾಗಿ ಮಳೆಗಾಲ ಹಿಡಿದರೆ ಬೂಷ್ಟು ಗೋಡೆಯ ಬಿರುಕಿನಲ್ಲೂ ಕಾದು ಕೂತಿರುತ್ತದೆ. ಸುಣ್ಣ ಬಳಿದು, ಮಳೆ ಕಳೆದು, ಬಿಸಿಲು ಬಿದ್ದ ಮೇಲೇ ಮುಂದಿನ ಬೆಳೆ. "ಆಗಲ್ಲ," ಎಂದಳು. "ಮನೆ ಖಾಲಿ ಬುಡ್ತೀನಿ. ಹಿಪ್ಪುನೇರಳೆ ಮಾತ್ರ ಇರ್ಲಿ. ನೀರು ಮಾತ್ರ ನಿಲ್ಸಬ್ಯಾಡಿ."

ಮುನಿರಾಮಯ್ಯ ಮರಗಳ ಕಡೆ ತಿರುಗಿದ. "ಗೂಡು ಕಟ್ಟೋ ಚಂದ್ರಿಕೆ ಅರ್ಧ ತುಂಬ್ಲಿ. ಆಮೇಲೆ ಮಾತಾಡನ," ಎಂದು ಹೊರಟ. ಮನು ಕ್ಯಾನು ಇಳಿಸಿ ಬೇಲಿಗೆ ಒರಗಿಸಿದ. ಉಳಿದ ಪೊಟ್ಟಣಗಳನ್ನು ಗುಡೇಮಾರನಹಳ್ಳಿಗೆ ಕಳಿಸುವುದೆಂದಾಯಿತು. ಅಲ್ಲಿ ಅದು ಇನ್ನೂ ಒಳ್ಳೆಯ ಮದ್ದೇ.

ಮುಂದಿನ ದಿನಗಳನ್ನು ಬೋರಮ್ಮ ಆ ನಾಲ್ಕು ಗೋಡೆಯೊಳಗೇ ಕಳೆದಳು. ಹಿಂದಿನ ಬಾಗಿಲಿನ ಬಚ್ಚಲಿಗೆ ಹೋದರೂ ಮಿಂದೇ ಒಳಗೆ ಬರುವಳು. ಸುಚಿತ್ರಾ ಮಿಂದು ಬಂದು ಸೊಪ್ಪನ್ನೂ ಮುದ್ದೆಯ ತಟ್ಟೆಯನ್ನೂ ಕಿಟಕಿಯ ಬಲೆಯೆತ್ತಿ ಕೊಡುವಳು. ಸೊಪ್ಪು ಒದ್ದೆಯಿದ್ದರೆ ಬೋರಮ್ಮ ಸೆರಗಿನಿಂದ ಎಲೆ ಎಲೆಯನ್ನೂ ಒರೆಸುವಳು. ಕಾಡಿದ್ದು ಸೆಕೆಯಲ್ಲ, ಸುಣ್ಣದ ಘಾಟಿಗೆ ಕೆಮ್ಮಿದ್ದೂ ಅಲ್ಲ, ಬದುಕಿರುವ ಹುಳುಗಳಲ್ಲಿ ಯಾವುದಕ್ಕೆ ಆಗಲೇ ಹತ್ತಿದೆ ಎಂದು ತಿಳಿಯದಿದ್ದದ್ದು. ಚೆನ್ನಾಗಿ ಮೇಯುತ್ತಿದ್ದ ಹುಳುವನ್ನೇ ದಿಟ್ಟಿಸಿ ನೋಡುವಳು. ಸಂಜೆಗೆ ಅದೇ ತಲೆ ಇಳಿಬಿಟ್ಟಿರುತ್ತಿತ್ತು. ಹೆಕ್ಕಿ ಚೊಂಬಿಗೆ ಹಾಕುವಳು. ಮೊದಲೆರಡು ದಿನ ಮೂಲೆಯ ಸ್ಟ್ಯಾಂಡು ಪೂರ್ತಿ ಖಾಲಿಯಾಯಿತು. ಆಮೇಲೆ ನಡುವಿನದು. ಕಿಟಕಿಯ ಕಡೆಯ ಸ್ಟ್ಯಾಂಡಿನಲ್ಲಿ, ಗಾಳಿಯಾಡುತ್ತಿದ್ದುದರಿಂದಲೋ ಏನೋ, ರೋಗ ತಡವಾಗಿ ಬಂತು, ಮೆಲ್ಲಗೆ ಬಂತು.

"ನಯನಕ್ಕ ಫೋನ್ ಮಾಡಿದ್ರು. ಕೊಡ್ಲಾ?" ಎಂದು ಒಮ್ಮೆ ಸುಚಿತ್ರಾ ಕೇಳಿದಳು.

"ಹುಳ ಹಣ್ಣಾಗೋ ಹೊತ್ತು, ಕೈ ಬಿಡುವಿಲ್ಲ ಅನ್ನು."

ನಿಜವಾಗಿಯೂ ಹಣ್ಣಾದವು. ಒಂದು ಮುಂಜಾನೆ ಕಿಟಕಿಯ ಕಡೆಯ ತಟ್ಟೆಗಳಲ್ಲಿ ಸೊಪ್ಪು ಹಾಗೇ ಉಳಿದಿತ್ತು. ಬಗ್ಗಿ ನೋಡಿದರೆ ಹುಳುಗಳ ಮೈ ಜೇನಿನ ಹಾಗೆ ತಿಳಿಯಾಗಿ, ತಲೆಗಳು ಮೇಲೆದ್ದು ಗೂಡು ಕಟ್ಟಲು ಆಸರೆ ಹುಡುಕುತ್ತಿದ್ದವು. ಒಂದೊಂದನ್ನೇ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಬೆರಳಿಗೆ ನೂಲಿನ ಎಳೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲಿಲ್ಲ.

ಗೂಡು ಬೆಳ್ಳಗೆ ಕಾಣತೊಡಗಿದ ಮೇಲೆ ಮುನಿರಾಮಯ್ಯ ಬಂದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಜಗಲಿ ಹತ್ತಿ ಕಿಟಕಿಗೆ ಮುಖ ಕೊಟ್ಟು ನೋಡಿದ. ಚಂದ್ರಿಕೆಗಳನ್ನು ಒಂದರ ಪಕ್ಕ ಒಂದು ಒರಗಿಸಿದ್ದಳು. ಕೆಲವು ತುಂಬಿದ್ದವು, ಕೆಲವು ಅಂಚಿನಲ್ಲಷ್ಟೇ ಕಟ್ಟಿದ್ದವು, ಹಿಂದಿನ ಸಾಲು ಬರಿದು.

"ಅರ್ಧ ಇಲ್ಲ," ಎಂದ.

"ಇಲ್ಲ. ಅರ್ಧಕ್ಕೆ ಒಸಿ ಕಮ್ಮಿ," ಎಂದಳು ಬೋರಮ್ಮ. ಹೆಚ್ಚು ಮಾಡಿ ಹೇಳುವ ಮನಸ್ಸು ಬರಲಿಲ್ಲ.

ಅವನು ಬಲೆಗೆ ಬೆರಳು ಸಿಕ್ಕಿಸಿಕೊಂಡು ನಿಂತೇ ಇದ್ದ. ಹಿಂದೆ ಬದುವಿನ ಮೇಲೆ ಸುಚಿತ್ರಾ ಸೊಂಟ ಹಿಡಿದುಕೊಂಡು ಬಗ್ಗಿ, ಉದುರಿದ ಹಣ್ಣನ್ನು ಕುಕ್ಕೆಗೆ ಹಾಕುತ್ತಿದ್ದಳು. "ಅವಳ ಕೈಲಿ ಇನ್ನು ಆಗಲ್ಲ," ಎಂದ ಮುನಿರಾಮಯ್ಯ. "ಮನು ಮೂರೇ ದಿನಕ್ಕೆ ಕೈ ಎತ್ಬುಟ್ಟ. ನೀನು ಯಾವತ್ತಿಂದ ಬತ್ತೀಯಾ?"

"ಗೂಡು ಬಿಡಿಸಿದ ಮಾರ್ನೇ ದಿನ."

"ಫಸಲು ಮುಗಿಯೋ ತನಕ. ಒಂದು ಹೊತ್ತೂ ತಪ್ಪಂಗಿಲ್ಲ."

"ತಪ್ಪಲ್ಲ."

"ಮುಂದಿನ ವರ್ಷಾನೂ."

ಬೋರಮ್ಮ ಬರಿದಾದ ಚಂದ್ರಿಕೆಗಳ ಕಡೆ ನೋಡಿದಳು. ಮುಂದಿನ ವರ್ಷವೂ ಎಂದರೆ ಆ ಬೇಸಿಗೆಯ ಬೆಳೆಯೂ ಇಲ್ಲ. ಅದರ ಮುಂದಿನದೂ ಇಲ್ಲವೆಂದೇ ಅರ್ಥ. ಮಾವಿನ ಫಸಲಿನ ತಿಂಗಳುಗಳಲ್ಲೆಲ್ಲ ಅವಳು ಮಾವಿನಡಿಯಲ್ಲಿರಬೇಕು. ಮಿಕ್ಕ ತಿಂಗಳಷ್ಟೇ ಹುಳದ್ದು.

"ಆಯ್ತು ಭಾವ," ಎಂದಳು.

"ನಾಳೆ ನೀರು ಬುಡ್ತೀನಿ," ಎಂದು ಅವನು ಇಳಿದು ಹೋದ.

ಸ್ವಲ್ಪ ಹೊತ್ತಿಗೆ ಸುಚಿತ್ರಾ ಕುಕ್ಕೆ ತುಂಬಿಕೊಂಡು ಗುಂಡಿಯ ಕಡೆ ಹೋದದ್ದು ಕಾಣಿಸಿತು. ಅವಳು ಅತ್ತ ತಿರುಗಿದ್ದೇ ಹಿಂದಿನ ಮರದಿಂದ ಇನ್ನೊಂದು ಹಣ್ಣು ಉದುರಿತು. ಆಮೇಲೆ ಮತ್ತೊಂದು. ಬೋರಮ್ಮ ಬಲೆಯ ಹಿಂದೆ ನಿಂತು, ಅವು ಎಲ್ಲೆಲ್ಲಿ ಬಿದ್ದವು ಎಂದು ಗುರುತು ಇಟ್ಟುಕೊಂಡು, ಸುಚಿತ್ರಾಳನ್ನು ಕೂಗಿದಳು.